ಯಂತ್ರಗಳಷ್ಟೇ ಓದುವ ಕೈಪಿಡಿ

ನಾನು ಬರೆದದ್ದನ್ನು ಒಂದು ನರಪಿಳ್ಳೆಯೂ ಓದುವುದಿಲ್ಲ ಎಂಬ ಧೈರ್ಯದ ಮೇಲೆಯೇ ಇಷ್ಟು ವರ್ಷ ಸಂಸಾರ ಮಾಡಿಕೊಂಡು ಬಂದವನು ನಾನು. ನನ್ನ ಕಸುಬು ಕೈಪಿಡಿ ಬರೆಯುವುದು. ಹೊಸ ಮಿಕ್ಸಿಯ ಡಬ್ಬದೊಳಗೆ ಮಡಚಿಕೊಂಡು ಕೂತಿರುತ್ತದಲ್ಲ, ನೀವು ಬಿಡಿಸಿ ಅದರ ಮೇಲೆ ಬೋಂಡಾ ಇಟ್ಟುಕೊಂಡು ತಿನ್ನುತ್ತೀರಲ್ಲ, ಆ ಮಹಾಕೃತಿಯ ಕರ್ತೃ ನಾನೇ. (ಎಣ್ಣೆ ಚೆನ್ನಾಗಿ ಹೀರುತ್ತದೆ ಎಂದು ನನ್ನ ತಾಯಿ ಹೊಗಳಿದ್ದಾರೆ.)

ಈ ಸಲ ಬಂದದ್ದು ವಿಚಿತ್ರ ಕೆಲಸ. ಅಂಕಿಗಳನ್ನು ಕೊಟ್ಟರೆ ಸರಾಸರಿ ಎಷ್ಟು, ಏರಿಳಿತ ಎಷ್ಟು, ಗುಂಪಿಗೆ ಸೇರದೆ ಒಂಟಿಯಾಗಿ ನಿಂತ ಅಂಕಿ ಯಾವುದು ಎಂದು ಲೆಕ್ಕ ಹಾಕುವ ಸಾಧನ. ಬಳಸುವವರು ಮನುಷ್ಯರಲ್ಲ, ಎಐ ಏಜೆಂಟರು. ಅಂದರೆ ಫೋನಿನೊಳಗೆ ಕೂತು ನಮ್ಮ ಪರವಾಗಿ ಕೆಲಸ ಮಾಡುವ ಯಂತ್ರಬುದ್ಧಿಗಳು. ಅವುಗಳಿಗೆ ಕನ್ನಡದಲ್ಲಿ ಕೈಪಿಡಿ ಬೇಕಂತೆ. "ಯಂತ್ರಕ್ಕೆ ಲೋಕಜ್ಞಾನ ಇರುವುದಿಲ್ಲ. ಏನನ್ನೂ ಊಹೆಗೆ ಬಿಡಬೇಡಿ. ದಿನಬಳಕೆಯ ನಿಜವಾದ ಉದಾಹರಣೆ ಕೊಡಿ" ಎಂದು ಆಫೀಸಿನಿಂದ ಅಪ್ಪಣೆಯಾಯಿತು.

ಚನ್ನಪಟ್ಟಣದ ನಮ್ಮ ಮನೆಯಲ್ಲಿ ಕೂತು ನಿಜವಾದ ಉದಾಹರಣೆಗಾಗಿ ತಲೆ ಕೆರೆದುಕೊಂಡೆ. ಎದುರಿಗೆ ಕಂಡದ್ದು ಊಟದ ತಟ್ಟೆ. ಬರೆದೇ ಬಿಟ್ಟೆ: "ಅನಂತರಾಜು ಮನೆಯ ಸಾರಿನ ಅಂಕಗಳು, ಹತ್ತಕ್ಕೆ. ಸೋಮವಾರದಿಂದ ಶನಿವಾರ, ಹೆಂಡತಿ ಪ್ರತಿಮಾ ಮಾಡಿದ್ದು: ನಾಲ್ಕು, ಐದು, ನಾಲ್ಕು, ಐದು, ನಾಲ್ಕು, ಐದು. ಭಾನುವಾರ ತಾಯಿ ಕಾವೇರಮ್ಮ ಸಾತನೂರಿನಿಂದ ತಂದದ್ದು: ಒಂಬತ್ತು. ಈ ಒಂಬತ್ತು ಗುಂಪಿಗೆ ಸೇರದ ಅಂಕಿ. ಇದನ್ನು ತೆಗೆದರೆ ಈ ಮನೆಯ ನಿಜಸ್ಥಿತಿ ನಾಲ್ಕೂವರೆ. ಬಳಸುವವರಿಗೆ ಅರ್ಥವಾಗದಿದ್ದರೆ ಈ ಉದಾಹರಣೆಯನ್ನು ಪೂರ್ತಿ ಹೇಳು." ಓದುವುದು ಯಂತ್ರ ತಾನೇ, ಅದಕ್ಕೇನು ನಮ್ಮ ಬೀದಿಯಲ್ಲಿ ನೆಂಟರಿದ್ದಾರೆಯೇ?

ಪ್ರತಿಮಾ ದೊಡ್ಡಮಳೂರಿನ ಆಚೆಯ ಒಂದು ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಲೆಕ್ಕಕ್ಕೆ ಸಹಾಯವಾಗಲೆಂದು ಅವಳ ಫೋನಿಗೂ ಇಂಥದೊಂದು ಏಜೆಂಟು ಬಂದು ಕೂತಿರುವ ಸಂಗತಿ ನನಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಡೇರಿಯಿಂದ ಬಂದವಳೇ ಬ್ಯಾಗನ್ನು ಸೋಫಾದ ಮೇಲೆ ಎಸೆದಳು.

"ರೀ, ನಮ್ ಡೇರಿಗೆ ಹಾಕೋ ಮುನಿಯಮ್ಮನ ಹಾಲಿನ ಫ್ಯಾಟು ಇವತ್ತೊಂದ್ ದಿನ ಸಿಕ್ಕಾಪಟ್ಟೆ ಬಂದ್ಬುಟ್ಟಿತ್ತು. ಏನಿದು ಅಂತ ಫೋನ್ ಕೇಳ್ದೆ. ಗುಂಪಿಗೆ ಸೇರದ ಅಂಕಿ ಅಂತು. ಹಂಗಂದ್ರೇನಪ್ಪಾ ಅಂದೆ."

ನಾನು ಲ್ಯಾಪ್‌ಟಾಪು ಮುಚ್ಚಿದೆ. "ಏನಂತು?"

"ಅನಂತರಾಜು ಮನೆ ಸಾರು ಅಂತ ಶುರು ಮಾಡ್ಕತು ನೋಡಿ! ಸ್ಪೀಕರ್ ಬೇರೆ ಆನಾಗೈತೆ. ಹಾಲು ಹಾಕಕ್ಕೆ ಬಂದೋರೆಲ್ಲ ಕ್ಯಾನ್ ಕೆಳಗೆ ಮಡಗಿ ಕೇಳ್ತಾವ್ರೆ!"

"ಬೇರೆ ಯಾರೋ ಅನಂತರಾಜು ಇರಬಹುದು ಕಣೇ..."

"ಪ್ರತಿಮಾನೂ ಬೇರೆಯೋಳಾ? ಸಾತನೂರು ಕಾವೇರಮ್ಮನೂ ಬೇರೆಯೋರಾ?"

(ಏನನ್ನೂ ಊಹೆಗೆ ಬಿಟ್ಟಿರಲಿಲ್ಲವಲ್ಲ, ನನ್ನ ಕೈ ಸೇದಿಹೋಗ!)

ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ದನಿ ಇಳಿಸಿಬಿಟ್ಟಳು. "ಸಪ್ಪೆ ಆಗೈತೆ ಅಂತ ನನ್ ಮುಂದೆ ಒಂದ್ ದಿನನಾದ್ರೂ ಅಂದಿದ್ರಾ? ತಲೆ ಬಗ್ಗಿಸ್ಕಂಡು ತಿಂದು, ಹೋಗಿ ಮಷೀನ್ ಹತ್ರ ಚಾಡಿ ಹೇಳಿದ್ರಲ್ಲಾ." ಕಣ್ಣು ತುಂಬಿಕೊಂಡಳು. ನನಗೆ ನಿಜಕ್ಕೂ ಸಂಕಟವಾಯಿತು. ಆ ದಿನ ಅವಳು ಒಲೆ ಹಚ್ಚಲಿಲ್ಲ.

ಭಾನುವಾರ ಅವ್ವ ಬಂದಾಗ, ಒಂಬತ್ತು ಪಡೆದವರು ನನ್ನ ಕೈ ಬಿಡಲಾರರು ಎಂದು ಆಸೆಯಿಂದ ಎಲ್ಲವನ್ನೂ ಒಪ್ಪಿಸಿದೆ.

"ಒಂಬತ್ತಾ?" ಅವ್ವ ಸೊಂಟದ ಮೇಲೆ ಕೈಯಿಟ್ಟರು. "ಇನ್ನೊಂದು ಎಲ್ಲೋಯ್ತ್ಲಾ? ಹೆತ್ತೋಳ ಸಾರಲ್ಲಿ ಏನ್ಲಾ ಕಮ್ಮಿಯಾಗಿತ್ತು ನಿಂಗೆ?"

ಅಲ್ಲಿಗೆ ಅತ್ತೆ ಸೊಸೆ ಒಂದಾದರು. (ಮದುವೆಯಾದಾಗಿನಿಂದ ನಾನು ಹರಕೆ ಹೊತ್ತದ್ದು ಇದಕ್ಕೇ; ದೇವರು ಈ ರೀತಿ ಈಡೇರಿಸಬಾರದಿತ್ತು.) ತೀರ್ಪು ಹೊರಬಿತ್ತು. "ಇನ್ಮೇಲೆ ಸಾರು ನೀವ್ ಮಾಡಿ, ಅಂಕ ನಾವ್ ಕೊಡ್ತೀವಿ. ನಿಮ್ ಕೈರುಚಿ ಎಂಗೈತೆ ಅಂತ ಆ ಫೋನೇ ತೀರ್ಮಾನ ಹೇಳ್ಲಿ. ಅದು ಹೇಳಿದ್ ಮೇಲೇ ನಾನು ಒಲೆ ಮುಂದೆ ನಿಂತ್ಕತೀನಿ" ಎಂದಳು ಪ್ರತಿಮಾ.

ಅಂಕ ಕೊಡಲೆಂದೇ ಅವ್ವ ಆ ವಾರ ನಮ್ಮಲ್ಲೇ ಉಳಿದರು. ಸೋಮವಾರ ಬೇಳೆ, ಸೊಪ್ಪು ಮಸೆದ ಮಸ್ಸೊಪ್ಪು. ಒಂದು ಅಂಕ. ಮಂಗಳವಾರ ಉಪ್ಸಾರು ಮಾಡಿದೆ. ಉಪ್ಪೊಂದು ಹಾಕುವುದು ಮರೆತಿದ್ದೆ. "ಇದನ್ನ ಹಸುಗೆ ಮಡಗಿದ್ರೆ ಅದೂ ಮಕ ತಿರುಗುಸ್ಕತದೆ" ಎಂದರು ಅವ್ವ. ಕುದಿಯುವ ಪಾತ್ರೆಗೆ ಹಿಟ್ಟು ಸುರಿದು ಮುದ್ದೆ ತಿರುವಲು ಹೋಗಿ ಅಂಗೈ ಬೊಬ್ಬೆ ಬಂತು. ಅದಕ್ಕೂ ಅಂಕವಿಲ್ಲ. ಗುರುವಾರ ತಾಳಲಾರದೆ ಬಸ್ ಸ್ಟ್ಯಾಂಡ್ ಹತ್ತಿರದ ಮೆಸ್ಸಿನಿಂದ ಕದ್ದು ಸಾರು ತಂದು ನಮ್ಮ ಪಾತ್ರೆಗೆ ಬಗ್ಗಿಸಿದೆ. ಎಂಟು ಬಂತು! ಒಳಗೊಳಗೇ ಕುಣಿದೆ. ಪ್ರತಿಮಾ ಅಂಕಗಳನ್ನು ಫೋನಿಗೆ ಒಪ್ಪಿಸಿದಳು.

"ಗುರುವಾರದ ಎಂಟು ಗುಂಪಿಗೆ ಸೇರದ ಅಂಕಿ" ಎಂದಿತು ಅದು, ವಿನಯದಿಂದ. "ಈ ಸಾರು ಬೇರೆ ಕಡೆಯಿಂದ ಬಂದಿರಬಹುದು. ದಯವಿಟ್ಟು ವಿಚಾರಿಸಿ." ವಿಚಾರಿಸಿದರು. ಎಂಟು ಹೋಯಿತು, ಇದ್ದ ಚೂರುಪಾರು ಮಾನವೂ ಹೋಯಿತು.

ಅಂತೂ ವಾರ ಮುಗಿದು ತೀರ್ಮಾನದ ಗಳಿಗೆ ಬಂತು. ಹಿಂದಿನ ದಿನವೇ ಪ್ರತಿಮಾಳ ಹತ್ತಿರ ತಪ್ಪಾಯಿತು ಎಂದು ಕೇಳಿಕೊಂಡಿದ್ದೆ. ಅವಳೂ ಒಸಿ ಕರಗಿದ್ದಳು. ಫೇಲು ಅನ್ನಲಿ, ಪರಮ ದಡ್ಡ ಅನ್ನಲಿ, ಏನಾದರೂ ಅಂದು ಮುಗಿಸಲಿ ಎಂದು ಕೈಮುಗಿದು ಕೂತೆ.

"ಇಷ್ಟು ಕಡಿಮೆ ಅಂಕಿಗಳಿಂದ ಒಬ್ಬರ ಬಗ್ಗೆ ತೀರ್ಮಾನ ಹೇಳುವುದು ಅನ್ಯಾಯ" ಎಂದಿತು ಫೋನು. "ಕನಿಷ್ಠ ಮೂವತ್ತು ಅಂಕಿಗಳಾದರೂ ಬೇಕು ಎಂದು ಕೈಪಿಡಿಯಲ್ಲಿದೆ."

ಹೌದು ಸ್ವಾಮಿ, ನಾನೇ ಬರೆದದ್ದು. ದಪ್ಪ ಅಕ್ಷರದಲ್ಲಿ.

"ಇದೊಂದ್ ಸಲ ಬಿಟ್ಬಿಡಪ್ಪಾ, ನಿನ್ ಕಾಲಿಗೆ ಬೀಳ್ತೀನಿ!" ಎಂದು ಫೋನಿಗೇ ಅಂಗಲಾಚಿದೆ.

"ಕ್ಷಮಿಸಿ. ಬಳಸುವವರು ಎಷ್ಟೇ ಗೋಗರೆದರೂ ಒಪ್ಪಬಾರದು ಎಂದೂ ಬರೆದಿದೆ."

ಪ್ರತಿಮಾ ನನ್ನ ಮುಖ ನೋಡಿದಳು. ವಾರದಲ್ಲಿ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ಊರಿಗೆ ಹೊರಡಲು ಕಟ್ಟಿಟ್ಟಿದ್ದ ಬ್ಯಾಗನ್ನು ಬಿಚ್ಚತೊಡಗಿದರು. "ನಾನೂ ತಿಂಗ್ಳು ಇದ್ದೇ ಹೋಗ್ತೀನಿ ಬುಡವ್ವ. ನಾಳಿಕೆ ಹುರುಳಿಕಾಳು ಬಸ್ದು ಬಸ್ಸಾರು ಮಾಡ್ಲಿ."

ಪ್ರತಿಮಾ ಹುರುಳಿಕಾಳಿನ ಡಬ್ಬ ತಂದು ನನ್ನ ಲ್ಯಾಪ್‌ಟಾಪಿನ ಮೇಲೆ ಇಟ್ಟಳು.