ಒಂದು ಹಣೆ, ಎರಡು ತಿಕೀಟು

ಯಾರ ಮನಸ್ಸನ್ನೂ ನೋಯಿಸದೆ ಬದುಕಬಹುದು ಎಂದು ನಾನು ಆಗ ನಂಬಿದ್ದೆ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಇಂಡಿಯ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದ ಹೊಸತು. ಮದುವೆಯೂ ಹೊಸತು. ಎರಡೂ ಹೊಸತಾಗಿರುವಾಗ ಇಂಥ ನಂಬಿಕೆಗಳು ಹುಟ್ಟುತ್ತವೆ.

ಐವತ್ತರ ದಶಕದ ಕೊನೆಯ ಒಂದು ಚಳಿಗಾಲ. ಹೊಲದಲ್ಲಿ ಜೋಳದ ತೆನೆಗೆ ಹಾಲು ತುಂಬುವ ದಿನಗಳು. ನನ್ನ ನೆನಪು ಹೀಗಿದೆ. ನನ್ನ ಹೆಂಡತಿ ಸಿಂಧು ಮಾತ್ರ ಅದು ಬೇಸಿಗೆ ಎನ್ನುತ್ತಾಳೆ. ನೆನಪು ತನಗೆ ಒಗ್ಗುವ ಹವೆಯನ್ನು ತಾನೇ ಆರಿಸಿಕೊಳ್ಳುತ್ತದೆ ಎಂಬ ಗುಮಾನಿ ನನಗಿದೆ. ಆದ್ದರಿಂದ ಹವೆಯ ವಿಷಯದಲ್ಲಿ ಅವಳನ್ನೇ ನಂಬಿರಿ, ಅವಮಾನದ ವಿಷಯದಲ್ಲಿ ನನ್ನನ್ನು.

ಆ ವರ್ಷ ಸುತ್ತಲಿನ ನಾಲ್ಕು ತಾಲೂಕುಗಳ ಹುತುತು ಪಂದ್ಯಗಳು ಇಂಡಿಯಲ್ಲಿ ನಡೆದವು. ಈಗ ಎಲ್ಲರೂ ಕಬಡ್ಡಿ ಎನ್ನುವ ಆಟವೇ ಅದು. ನನ್ನೂರು ಬಾಗೇವಾಡಿ ಮೊದಲ ದಿನವೇ ಮುದ್ದೇಬಿಹಾಳಕ್ಕೆ ಸೋತು, ಮಧ್ಯಾಹ್ನದ ಬಸ್ಸಿಗೆ ಮನೆ ಸೇರಿತು. ಮರುದಿನ ಇಂಡಿಗೂ ಸಿಂದಗಿಗೂ ಪಂದ್ಯ. ಸಿಂದಗಿ ಸಿಂಧುವಿನ ತವರು.

"ಏನ್ರಿ, ನಮ್ಮ ಪಾಂಡು ಸಿಂದಗಿ ಕಡಿಂದ ಆಡ್ಲಿಕ್ಕತ್ಯಾನ. ಮೊದಲನೇ ಸಲ," ಎಂದಳು. ಪಾಂಡು ಅವಳ ತಮ್ಮ.

"ಛಲೋ ಆತು."

"ಬರೇ ಛಲೋ ಆತು ಅಂದ್ರ ಸಾಕಾಗೂದಿಲ್ಲ. ಅಪ್ಪ ಇದ್ದಿದ್ರ ಬಂದು ಕೂಡ್ತಿದ್ದ. ಈಗ ಅವಗ ತನ್ನೋರು ಅಂತ ಇರೋರು ನೀವೊಬ್ರ. ಆಟಕ್ಕ ಇಳಿಯೂ ಮುಂದ ಅವ ಒಂದ್ಸಲ ಹೊಳ್ಳಿ ನೋಡ್ತಾನ. ನೀವು ಅಲ್ಲಿರಬೇಕು. ಅಷ್ಟ."

ಇರುತ್ತೇನೆ ಎಂದು ಮಾತು ಕೊಟ್ಟೆ. ಅರ್ಧ ತಾಸಿನಲ್ಲಿ ಮನೆಯ ಮಾಲೀಕರಾದ ಹುಸೇನಸಾಬರು ಬಂದರು. ಅವರ ಮಗ ರಸೂಲ ಇಂಡಿ ತಂಡದ ಕ್ಯಾಪ್ಟನ್.

"ಮಾಸ್ತರ, ನಾಳೆ ನನ್ನ ಮಗ್ಗಲದಾಗ ಕೂಡಬೇಕ್ರಿ. ಇಂಡಿ ನೀರು ಕುಡದೀರಿ, ಗಂಟಲಾ ಇಂಡಿಗೆ ಕೊಡ್ರಿ!"

ಕುಡಿದ ನೀರು ಅವರ ಬಾವಿಯದೇ. "ಬರ್ತೇನ್ರಿ ಕಾಕಾ," ಎಂದೆ. ಒಂದೇ ಗಂಟಲು, ಎರಡು ಗಿರಾಕಿ!

ಆ ಮಧ್ಯಾಹ್ನ ಮಾಳಿಗೆಯ ಮೇಲೆ ಒರಗಿಕೊಂಡು ಯೋಚಿಸಿದೆ. ಯೋಚಿಸಿದೆ ಎನ್ನುವುದಕ್ಕಿಂತ ಕನಸು ಕಂಡೆ ಎನ್ನುವುದೇ ಸರಿ. ಬಿಸಿಲು ಬೆಣ್ಣೆಯಂತೆ ಮೈಮೇಲೆ ಕರಗುತ್ತಿತ್ತು. ಮೊದಲರ್ಧ ಇಂಡಿಯ ಕಡೆ, ಎರಡನೆಯ ಅರ್ಧ ಸಿಂದಗಿಯ ಕಡೆ! ಪಾಂಡು ಹೊಸಬ, ಅವನನ್ನು ಕೊನೆಗೇ ಕಳಿಸುತ್ತಾರೆ. ರೆಪ್ಪೆ ಮುಚ್ಚಿದಾಗ ಎರಡೂ ಊರಿನವರು ನನ್ನನ್ನು ಮಧ್ಯದಲ್ಲಿ ನಿಲ್ಲಿಸಿ ಹಾರ ಹಾಕುತ್ತಿದ್ದರು. ಇಂಡಿ-ಸಿಂದಗಿ ನಡುವೆ ನನ್ನ ಹೆಸರಿನ ಬಸ್ಸೊಂದು ಓಡುತ್ತಿತ್ತು!

ಆದರೆ ತಿಕೀಟಿನ ಪದ್ಧತಿ ನನಗೆ ತಿಳಿದಿರಲಿಲ್ಲ. ಹಿಂದಿನ ಸಲ ಚೀಟಿ ಕೊಟ್ಟಿದ್ದರಂತೆ. ಒಳಗೆ ಹೋದವರು ಚೀಟಿಗೆ ಕಲ್ಲು ಸುತ್ತಿ ಗೋಡೆಯಾಚೆ ಎಸೆದು, ಒಂದೇ ಚೀಟಿಯಲ್ಲಿ ಓಣಿಗೆ ಓಣಿಯೇ ಪಂದ್ಯ ನೋಡಿತ್ತಂತೆ. ಅದಕ್ಕಾಗಿ ಪಂಚರು ಈ ಸಲ ತಿಕೀಟನ್ನು ಹಣೆಗೇ ಹಚ್ಚುತ್ತಿದ್ದರು. ಇಂಡಿಯ ಬಾಗಿಲಲ್ಲಿ ದುಡ್ಡು ಕೊಟ್ಟರೆ ಗುಲಾಲು, ಸಿಂದಗಿಯ ಬಾಗಿಲಲ್ಲಿ ಭಂಡಾರ, ಅಂದರೆ ಅರಿಶಿನದ ಪುಡಿ. ಹಣೆಯನ್ನು ಗೋಡೆಯಾಚೆ ಎಸೆಯಲು ಬರುವುದಿಲ್ಲವಲ್ಲ! ಜಗಳವಾಗಬಾರದೆಂದು ಕೆಂಪು ಹಣೆಯವರಿಗೂ ಹಳದಿ ಹಣೆಯವರಿಗೂ ನಡುವೆ ಹಗ್ಗ ಕಟ್ಟಿದ್ದರು. ಹೆಣ್ಣುಮಕ್ಕಳಿಗೆ ಮಾತ್ರ ಶಾಲೆಯ ಪಡಸಾಲೆ, ಅಲ್ಲಿ ತಿಕೀಟಿಲ್ಲ. ಸಿಂಧು ಅಲ್ಲಿ ಕುಳಿತಿದ್ದಳು.

ಗುಲಾಲು ಹಚ್ಚಿಸಿಕೊಂಡು ಹುಸೇನಸಾಬರ ಪಕ್ಕ ಕುಳಿತೆ. ಆಟ ಶುರುವಾಯಿತು. ಸಂಜೆಯ ಬೆಳಕಿನಲ್ಲಿ ಧೂಳು ಏಳುತ್ತಿತ್ತು, ಇಳಿಯುವುದನ್ನು ಮರೆಯುತ್ತಿತ್ತು. ಒಬ್ಬನಾದ ಮೇಲೊಬ್ಬ ಒಂದೇ ಉಸಿರಿನಲ್ಲಿ "ಹುತುತುತು" ಎನ್ನುತ್ತ ಎದುರಾಳಿಗಳ ಅಂಗಳಕ್ಕೆ ನುಗ್ಗುತ್ತಿದ್ದ. ಉಸಿರು ಕಡಿದರೆ ಔಟು. ಆ ಗುಂಯ್‌ಗುಡುವಿಕೆ ಜೋಗುಳದಂತಿತ್ತು. ನಾನು ಕಣ್ಣು ತೆರೆದುಕೊಂಡೇ ಎಲ್ಲಿಗೋ ತೇಲಿಹೋದೆ. ಎಚ್ಚರವಾದಾಗ ವಿರಾಮ ಮುಗಿಯುತ್ತಿತ್ತು!

"ನೀರು ಕುಡದು ಬರ್ತೇನ್ರಿ ಕಾಕಾ," ಎಂದು ಮನೆಗೆ ಓಡಿದೆ. ಗುಲಾಲು ನೀರಿಗೆ ಹೋಗಲಿಲ್ಲ, ಕೈಗೆ ಹೋಗಲಿಲ್ಲ. ಬಚ್ಚಲಲ್ಲಿ ಬಟ್ಟೆ ಒಗೆಯುವ ಸೋಡಾದ ಡಬ್ಬಿಯಿತ್ತು. ಒಂದು ಮುಷ್ಟಿ ತೆಗೆದು ಹಣೆಯನ್ನು ಧೋತರದಂತೆ ತಿಕ್ಕಿದೆ. ಕನ್ನಡಿಯಲ್ಲಿ ನಿಷ್ಪಕ್ಷಪಾತವಾದ ಹಣೆ ಹೊಳೆಯಿತು. ಸರಿಯಾಗಿ ತೊಳೆದುಕೊಳ್ಳಲು ಪುರಸೊತ್ತಿರಲಿಲ್ಲ. ಸಿಂದಗಿಯ ಬಾಗಿಲಿಗೆ ಓಡಿ, ಎರಡನೆಯ ತಿಕೀಟು ಕೊಂಡು, ಹಣೆತುಂಬ ಭಂಡಾರ ಬಳಿಸಿಕೊಂಡು ಒಳಗೆ ಕುಳಿತೆ.

ಪಕ್ಕದಲ್ಲಿದ್ದವನು ನನ್ನನ್ನೇ ನೋಡತೊಡಗಿದ.

"ಯಾವೂರು?"

"ಸಿಂದಗಿ ಅಳಿಯ."

"ಸಿಂದಗಿ ಅಳಿಯಾ ಕೆಂಪ್ಯಾಕ ಆಗಾಕತ್ತಾನ?"

ಹಣೆ ಮುಟ್ಟಿಕೊಂಡು ಬೆರಳು ನೋಡಿದೆ. ಕೆಂಪು! ಅರಿಶಿನಕ್ಕೆ ಸೋಡಾ ತಾಗಿದರೆ ಕೆಂಪಾಗುತ್ತದೆ. ಇದನ್ನು ಆ ವಾರವಷ್ಟೇ ಎಂಟನೆಯ ಇಯತ್ತೆಗೆ ಕಲಿಸಿದ್ದೆ, ಪ್ರಯೋಗ ಮಾಡಿ ತೋರಿಸಿದ್ದೆ. ಬೆವರಿನಲ್ಲಿ ನೆನೆದು ಆ ಪ್ರಯೋಗ ಈಗ ನನ್ನ ಹಣೆಯ ಮೇಲೆ ಯಶಸ್ವಿಯಾಗಿ ನಡೆಯುತ್ತಿತ್ತು!

"ಇದು ಭಂಡಾರನ! ಕ್ಷಾರಾ ತಾಗಿ ಬಣ್ಣಾ ಬದಲಾಗೇತಿ. ಇದು ರಸಾಯನಶಾಸ್ತ್ರ!" ಎಂದು ಕೂಗಿದೆ.

"ಏ, ಇಂಡ್ಯಾವ ಶಾಸ್ತ್ರಾ ಹೇಳಾಕತ್ತಾನ, ದಾಟಸ್ರೋ ಇವನ!"

ನಾಲ್ಕು ಜನ ನನ್ನನ್ನು ಎತ್ತಿ ಹಗ್ಗದ ಆಚೆ ಇಳಿಸಿದರು. ಮರ್ಯಾದೆಯಿಂದಲೇ ಇಳಿಸಿದರೆಂದು ಬರೆಯಬೇಕೆನಿಸುತ್ತದೆ. ಹಾಗೆ ನೆನಪಿಲ್ಲ. ಉರುಳಿ ಬಿದ್ದಿದ್ದು ಇಂಡಿಯವರ ಮುಂದಿನ ಸಾಲಿನಲ್ಲಿ. "ಬರ್ರಿ ಮಾಸ್ತರ! ನೀರು ಭಾಳ ದೂರ ಇತ್ತೇನು?" ಎಂದು ಹುಸೇನಸಾಬರು ಜಾಗ ಮಾಡಿಕೊಟ್ಟರು.

ಎರಡೂ ತಂಡ ಸಮ ಸಮ. ಕೊನೆಯ ಸರದಿಗೆ ಪಾಂಡು ಬಂದ. ಗೆರೆಯ ಹತ್ತಿರ ನಿಂತು, ಹೊಳ್ಳಿ ಸಿಂದಗಿಯವರ ಸಾಲನ್ನು ನೋಡಿದ. ಒಮ್ಮೆ ಅಲ್ಲ, ಎರಡು ಸಲ ಹುಡುಕಿದ. ಆಮೇಲೆ ತುಟಿ ಬಿಗಿಹಿಡಿದು ಇಂಡಿಯ ಅಂಗಳಕ್ಕೆ ಇಳಿದ.

"ಹುತುತುತುತು..."

ಎಂಥ ಚಂದದ ಆಟ! ಜಿಂಕೆಯಂತೆ ಜಿಗಿದ, ರಸೂಲನನ್ನು ಮುಟ್ಟಿಯೇಬಿಟ್ಟ. ಇನ್ನು ಗೆರೆಗೆ ಮರಳಿದರೆ ಗೆದ್ದಂತೆ. ನಾನು ಎಲ್ಲ ಮರೆತು ಎದ್ದುನಿಂತು, "ಭಲೇ ಪಾಂಡೂ!" ಎಂದು ಒದರಿದೆ.

ಪಾಂಡು ತಿರುಗಿ ನೋಡಿದ. ಇಂಡಿಯವರ ನಡುವೆ, ಕೆಂಪು ಹಣೆಯ ಅಕ್ಕನ ಗಂಡ!

"ಹುತುತು... ಭಾವಾ, ನೀವೂ?"

ಉಸಿರು ಕಡಿಯಿತು. ಸೀಟಿ ಊದಿದರು. ಇಂಡಿ ಗೆದ್ದಿತು!

ಜನ ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಷ್ಟೆತ್ತರದಿಂದ ಪಡಸಾಲೆ ಚೆನ್ನಾಗಿ ಕಾಣುತ್ತಿತ್ತು. ಸಿಂಧುವಿನ ಮುಖವೂ.

ಮನೆಯಲ್ಲಿ ಅವಳು ಒಂದೇ ಮಾತು ಆಡಿದಳು: "ಅಲ್ಲಿರ್ರಿ ಅಂದಿದ್ದೆ. ಬ್ಯಾರೆ ಏನರ ಅಂದಿದ್ದೆನ?" ನಾನು ರಸಾಯನಶಾಸ್ತ್ರ ಹೇಳಹೊರಟಾಗ ಸೋಡಾದ ಡಬ್ಬಿಯನ್ನು ಅಟ್ಟದ ಮೇಲೆ ಎತ್ತಿಟ್ಟಳು.

ಮರುದಿನ ಬೆಳಗ್ಗೆ ಪಾಂಡುವನ್ನು ಬಸ್ಸಿಗೆ ಬಿಟ್ಟುಬಂದಳು.

"ಅವನ ಸಿಟ್ಟು ಇಳೀತೇನು?" ಎಂದು ಕೇಳಿದೆ.

"ಇಳದದ. ಮುಂದಿನ ವರ್ಷಾನೂ ನೀವು ಇಂಡಿ ಕಡೇನ ಕೂಡಬೇಕಂತ. ಆದ್ರ ಬಾಯಿ ತಗೀಬಾರದಂತ."

ಅಷ್ಟರಲ್ಲಿ ಹುಸೇನಸಾಬರು ನಗುತ್ತ ಬಂದರು. ಅದರ ಮರುದಿನ ಇಂಡಿಗೆ ಮುದ್ದೇಬಿಹಾಳದೊಂದಿಗೆ ಫೈನಲ್ಲು. ಅವರು ದನಿ ತಗ್ಗಿಸಿ ಹೇಳಿದರು: "ಮಾಸ್ತರ, ನಾಳೆ ನೀವು ಮುದ್ದೇಬಿಹಾಳದವ್ರ ಕಡೆ ಕೂಡ್ರಿ. ಮುಂದಿನ ಸಾಲಿನ್ಯಾಗ. ತಿಕೀಟು ನಂದು!"

ಯಾವ ತಂಡದ ಕಡೆ ಕೂರಬೇಕೆಂಬ ನನ್ನ ಚಿಂತೆ ಅಲ್ಲಿಗೆ ತೀರಿತು. ಎಲ್ಲ ತಂಡಗಳೂ ನನ್ನನ್ನು ಎದುರಾಳಿಗಳಿಗೆ ಧಾರಾಳವಾಗಿ ಬಿಟ್ಟುಕೊಟ್ಟಿದ್ದವು!