ಹೆಪ್ಪಿನ ಪೆಟ್ಟಿಗೆ

ಆ ಭಾನುವಾರ ಮುಂಜಾನೆ ಧನರಾಜನ ಗೇಮ್ ಕನ್ಸೋಲಿನ ಮೇಲೆ ಆಗಷ್ಟೇ ಹೆಪ್ಪು ಹಾಕಿದ ಎರಡು ಹಾಲಿನ ಪಾತ್ರೆಗಳು ಕೂತಿದ್ದವು. ಒಂದು ಅವನ ತಾಯಿ ಪಾರ್ವತಿಬಾಯಿಯದು, ಇನ್ನೊಂದು ಪಕ್ಕದ ಮನೆಯ ಅಸ್ಗರಿ ಖಾಲಾಳದು. ಕನ್ಸೋಲ್ ಧನರಾಜನದು ಎಂಬ ಮಾತನ್ನು ಬಸವಕಲ್ಯಾಣದ ಆ ಓಣಿಯಲ್ಲಿ ಈಗ ಅವನೊಬ್ಬನೇ ನಂಬುತ್ತಿದ್ದ.

ಎರಡು ವರ್ಷದ ಹಿಂದೆ ಅದು ಮನೆಗೆ ಬಂದಾಗ ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕು ತಿಂಗಳು ಆಡಿದ್ದ. ಆಮೇಲೆ ಮದುವೆ ವಿಡಿಯೊ ಎಡಿಟ್ ಮಾಡಲೆಂದು ಕಂಪ್ಯೂಟರ್ ಬಂತು. ಅದರಲ್ಲಿ ಆದ ಮದುವೆಗಳಿಗಿಂತ ಸತ್ತ ಶತ್ರುಗಳೇ ಹೆಚ್ಚು. ಕನ್ಸೋಲ್ ಟಿವಿಯ ಕೆಳಗೆ ಧೂಳು ತಿನ್ನುತ್ತಾ ಬಿತ್ತು. ಅದಕ್ಕೆ ಮರುಜನ್ಮ ಕೊಟ್ಟವಳು ಪಾರ್ವತಿಬಾಯಿ. ಡಿಸೆಂಬರ್ ಚಳಿಗೆ ಓಣಿಯ ಹಾಲೆಲ್ಲ ಹೆಪ್ಪು ಹಾಕಿದರೂ ಹಾಲಾಗಿಯೇ ಉಳಿದಾಗ, ಚಾಲೂ ಮಾಡಿದ ಆ ಪೆಟ್ಟಿಗೆಯ ಮೈ ಬಾಣಂತಿ ಕೋಣೆಯ ಹಾಗೆ ಬೆಚ್ಚಗಿರುತ್ತದೆಂದು ಆಕೆ ಕಂಡುಹಿಡಿದಳು. ಅಂದಿನಿಂದ ಅದು ಆರಿದ್ದೇ ಇಲ್ಲ.

ಇಟ್ಟುಕೊಳ್ಳುವುದೋ, ತೆಗೆಯುವುದೋ ಎಂದು ಧನರಾಜ ಆರು ತಿಂಗಳಿಂದ ಯೋಚಿಸುತ್ತಿದ್ದ. "ನನ್ನ ನೋಡಾಕ ಬಂದಾಗ ಆರು ನಿಮಿಷದಾಗ ಹೂಂ ಅಂದ್ರಿ. ಈ ಡಬ್ಬಿಗಿ ಆರು ತಿಂಗಳ ಬೇಕೇನ್ರಿ?" ಎಂದು ಹೆಂಡತಿ ಪೂನಂ ಕೇಳಿದ್ದಳು. ಧನರಾಜ ಹೆಡ್‌ಫೋನ್ ಕಿವಿಗೇರಿಸಿಕೊಂಡಿದ್ದ.

ಕೊನೆಗೆ ಬಿಸಿ ಮುಟ್ಟಿಸಿದವನು ಹುಮನಾಬಾದದ ಇರ್ಫಾನ. ಕಂಪ್ಯೂಟರ್ ರಿಪೇರಿ ಅಂಗಡಿಯವನು, ಧನರಾಜ ಆಡುವ ಐದು ಜನರ ತಂಡದ ಕಪ್ತಾನ. ಬೆಳಿಗ್ಗೆ ಫೋನ್ ಮಾಡಿ ಹೇಳಿದ: "ನಿನ್ನ ಕಂಪ್ಯೂಟರ್ ನಡುವ ನಿಲ್ತದ, ನಾವ್ ನಾಕು ಮಂದಿ ಸಾಯ್ತೀವಿ. ಇವತ್ತ ಐದಕ್ಕ ಫೈನಲ್ ಅದ. ಆ ಕನ್ಸೋಲ್ ತಂದುಕೊಡು, ಭಾರಿ ಗ್ರಾಫಿಕ್ಸ್ ಕಾರ್ಡ್ ಕೊಡ್ತೀನಿ, ಒಳಗ ಕೂಡ್ರಿಸಿದ್ರ ಕುದುರಿ ಹಂಗ ಓಡ್ತದ. ಇಲ್ಲಂದ್ರ ನಿನ್ನ ಜಾಗಾದಾಗ ನನ್ನ ತಮ್ಮ ಫೈಜಲ ಆಡ್ತಾನ."

ಫೈಜಲನಿಗೆ ಬಂದೂಕು ಯಾವುದು, ಬುಟ್ಟಿ ಯಾವುದು ತಿಳಿಯುತ್ತಿರಲಿಲ್ಲ. ಈ ಅವಮಾನ ಧನರಾಜನಿಗೆ ತಡೆಯಲಾಗಲಿಲ್ಲ. ತಾಯಿ ಗುಡಿಗೆ ಹೋದದ್ದೇ ತಡ, ಪಾತ್ರೆಗಳನ್ನು ಮೆಲ್ಲಗೆ ಕೆಳಗಿಳಿಸಿ, ಕನ್ಸೋಲಿಗೆ ಟವೆಲ್ ಸುತ್ತಿ, ಚೀಲಕ್ಕೆ ಹಾಕಿ ಹೊರಬಿದ್ದ.

ಬಾಗಿಲಲ್ಲೇ ಅಸ್ಗರಿ ಖಾಲಾ. ಆಕೆಯ ಕಣ್ಣು ತಪ್ಪಿಸಿ ಆ ಓಣಿಯಲ್ಲಿ ಬೆಕ್ಕೂ ಮರಿ ಹಾಕುತ್ತಿರಲಿಲ್ಲ.

"ಬೇಟಾ, ಮಷೀನ್ ಎಲ್ಲಿಗಿ ಒಯ್ಯಾಕತ್ತಿ?"

"ಸರ್ವಿಸಿಂಗಿಗ್ರಿ ಖಾಲಾ."

"ಹಂಗಾದ್ರ ಛಲೋ ಆಯ್ತು. ಬಿಸಿ ಕಮ್ಮಿ ಆಗ್ಯದ, ಜರಾ ಗರ್ಮಿ ಜಾಸ್ತಿ ಮಾಡಿಸ್ಕೊಂಡ್ ಬಾ. ನಂದು ಮೊಸರು ನಿನ್ನೆ ಅರ್ಧಾನೇ ಕೂಡ್ಯದ."

"ಹೇಳ್ತೀನ್ರಿ" ಎಂದು ಧನರಾಜ ಬಸ್‌ಸ್ಟ್ಯಾಂಡಿಗೆ ಓಡಿದ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ಹುಡಗಿ ಎಂಬ ಊರಿನ ರೈತ ಬಕ್ಕಪ್ಪ, ದೂರದ ಸಂಬಂಧಿ. ದೂರವಿದ್ದದ್ದು ಸಂಬಂಧ ಮಾತ್ರ. ಚೀಲದೊಳಗೆ ಕೈ ಹಾಕಿ, ಟವೆಲ್ ಸರಿಸಿ, ಎಲ್ಲ ವಿಚಾರಿಸಿ, ರಾಜೇಶ್ವರ ಊರಿನ ಸ್ಟಾಪ್ ಬರುವಷ್ಟರಲ್ಲಿ ತೀರ್ಪು ಕೊಟ್ಟ.

"ಕೊಡಬ್ಯಾಡ ತಮ್ಮ. ನಮ್ಮನ್ಯಾಗ ಟ್ರ್ಯಾಕ್ಟರ್ ಅದ. ಎತ್ತು ಮಾರೀನೇನು? ಇಲ್ಲ."

"ಯಾಕ್ರಿ ಕಾಕಾ?"

"ಟ್ರ್ಯಾಕ್ಟರ್ ಕೆಟ್ಟಾಗ ಎಳಕೊಂಡ್ ಬರಾಕ."

ಕಂಪ್ಯೂಟರ್ ಕೆಟ್ಟರೆ ಕನ್ಸೋಲ್ ಅದನ್ನು ಹೇಗೆ ಎಳೆದು ತರುತ್ತದೆಂದು ಧನರಾಜನಿಗೆ ಹೊಳೆಯಲಿಲ್ಲ. ಆದರೂ ಮನಸ್ಸು ಅಲುಗಿತು. ಹುಮನಾಬಾದಿನಲ್ಲಿ ಇಳಿದವನು ಮರಳುವ ಬಸ್ಸಿನ ಬಾಗಿಲವರೆಗೂ ಹೋದ. ಅಷ್ಟರಲ್ಲಿ ಫೈಜಲನ ಮೆಸೇಜ್ ಬಂತು: 'ಭಾಯಿ, ಗುಂಡು ಹಾರಸಾಕ ಯಾವ ಬಟನ್?' ಧನರಾಜ ಇರ್ಫಾನನ ಅಂಗಡಿಯಿದ್ದ ಮಾಣಿಕನಗರದ ಆಟೊ ಹತ್ತಿದ.

ಇರ್ಫಾನ ಅಂಗಡಿಯಲ್ಲಿ ಕನ್ಸೋಲಿನ ಮುಚ್ಚಳ ಬಿಚ್ಚಿ, ಮೂಗು ಮುಚ್ಚಿಕೊಂಡ. ಒಳಗೆ ಗಾಳಿಕಿಂಡಿಗಳಲ್ಲಿ ಬಿಳಿ ಪದರು ಒಣಗಿ ಕೂತಿತ್ತು.

"ಇದರಾಗ ಗೇಮ್ ಆಡೀಯೋ, ಮಜ್ಜಿಗಿ ಕಢಿ ಮಾಡೀಯೋ?"

"ಅವ್ವ ಮೊಸರು..."

"ಸಾಕು, ತಿಳೀತು. ಇದನ್ನ ಉಜ್ಜಾಕ ನನಗ ಎರಡು ದಿನ ಬೇಕು. ಹೊಸಾ ಕಾರ್ಡ್ ಕೊಡಾಂಗಿಲ್ಲ. ಹಳೇದೊಂದು ಅದ, ಓಡ್ತದ. ಖರೇ ಅಂದ್ರ ಜರಾ ಬಿಸಿ ಆಗ್ತದ, ಅಷ್ಟ."

ಬಿಸಿಗೆ ಹೆದರಿ ಫೈಜಲನಿಗೆ ಜಾಗ ಬಿಡುವವನಲ್ಲ ಧನರಾಜ. ಕಾರ್ಡು ಇಸಿದುಕೊಂಡು ಬಸ್ ಹಿಡಿದ.

ಮನೆ ಮುಟ್ಟಿದಾಗ ನಾಲ್ಕೂಕಾಲು. ಪಾರ್ವತಿಬಾಯಿ ಎರಡೂ ಪಾತ್ರೆಗಳನ್ನು ಮುಂದಿಟ್ಟುಕೊಂಡು, ಮೈಯಲ್ಲಿ ಹುಷಾರಿಲ್ಲದ ಮಕ್ಕಳನ್ನು ಕಾಯುವವಳಂತೆ ಕೂತಿದ್ದಳು. ಎದುರಿಗೆ ಅಸ್ಗರಿ ಖಾಲಾ. ಪಾತ್ರೆಗಳಲ್ಲಿ ಹಾಲು ಹಾಲಾಗಿಯೇ ತಣ್ಣಗೆ ತುಳುಕುತ್ತಿತ್ತು.

"ಪೆಟ್ಟಿಗಿ ಎಲ್ಲಿ?" ಎಂದಳು ತಾಯಿ.

"ಕೊಟ್ಟು ಬಂದೆ. ಅದಕ್ಕಿಂತ ಭಾರಿದು ತಂದೀನಿ" ಎಂದು ಧನರಾಜ ಒಳಗೆ ನುಗ್ಗಿದ.

ಕಾರ್ಡು ಕೂಡಿಸಿ ಗೇಮ್ ಹಚ್ಚಿದ. ಹಾ, ಕುದುರೆ. ಚಿತ್ರ ಎಲ್ಲಿಯೂ ನಿಲ್ಲಲಿಲ್ಲ. ಕಂಪ್ಯೂಟರಿನ ಡಬ್ಬಿಯ ನೆತ್ತಿಯಿಂದ ಮಾತ್ರ ಜಿಲೇಬಿ ಭಟ್ಟಿಯ ಹಾಗೆ ಶಾಖ ಏಳುತ್ತಿತ್ತು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಧನರಾಜ ಮುಖ ತೊಳೆದು, ಕಪ್ತಾನನಿಗೆ 'ಬಂದೆ' ಎಂದು ಹೇಳಿ, ನೀರು ಕುಡಿದು ಮರಳಿದ.

ಪಾರ್ವತಿಬಾಯಿ ಡಬ್ಬಿಯ ಮೇಲೆ ಅಂಗೈ ಹಿಡಿದು ನಿಂತಿದ್ದಳು, ಜ್ವರ ನೋಡುವವಳಂತೆ. ಮುಖದಲ್ಲಿ ಸಿಟ್ಟಿನ ಸುಳಿವಿರಲಿಲ್ಲ. ಡಬ್ಬಿಯ ಮೇಲೆ ಎರಡು ಪಾತ್ರೆಗಳಿದ್ದವು. ಬಾಗಿಲಲ್ಲಿ ಓಣಿಯ ಇನ್ನೂ ಮೂವರು ಹೆಂಗಸರು ಪಾತ್ರೆ ಹಿಡಿದು ನಿಂತಿದ್ದರು.

"ಹುಡುಗ ಮಾತು ಮರೀಲಿಲ್ಲ ನೋಡ್ರಿ" ಎಂದು ಅಸ್ಗರಿ ಖಾಲಾ ಅವರಿಗೆ ಹೇಳುತ್ತಿದ್ದಳು. "ಗರ್ಮಿ ಜಾಸ್ತಿ ಮಾಡಿಸ್ಕೊಂಡ್ ಬಾ ಅಂದಿದ್ದೆ. ಮಾಡಿಸ್ಕೊಂಡೇ ಬಂದಾನ."

ಧನರಾಜ ಪಾತ್ರೆಗೆ ಕೈ ಚಾಚಿದ. ಪೂನಂ ಅವನ ಕೈ ಹಿಡಿದು ಮೌಸಿನಿಂದಲೂ ದೂರ ಸರಿಸಿದಳು. "ಮೇಜು ಅಲಗಸಬ್ಯಾಡ್ರಿ. ಮೊಸರು ಒಡೀತದ."

"ಐದಕ್ಕ ನನ್ನ ಫೈನಲ್ ಅದ. ಪಾತ್ರಿ ತೆಗೀಲಿಲ್ಲಂದ್ರ ಇದನ್ನ ಬಂದ್ ಮಾಡ್ತೀನಿ ನೋಡ್ರಿ."

"ಛೇ, ಬಂದ್ ಯಾಕ ಮಾಡ್ತಿ?" ಎಂದಳು ಪಾರ್ವತಿಬಾಯಿ, ಎಂದೂ ಇಲ್ಲದ ಅಕ್ಕರೆಯಿಂದ. "ಗೇಮ್ ದಿನಾ ಹಚ್ಚಿಡಪ್ಪ, ನಾ ಯಾವತ್ತರ ಬ್ಯಾಡ ಅಂದೀನೇನು? ಆಡಬ್ಯಾಡ, ಅಷ್ಟ."