ಡ್ರ್ಯಾಗನ್ ಸೀಮೆಗೆ ಬಿದ್ದ ಆಕಾಶನೌಕೆ

ದೀಪಕನ ಮಾತನ್ನು ಕೇಳುವ ಜಾಗ ಇಡೀ ಹೈದರಾಬಾದಿನಲ್ಲಿ ಒಂದೇ ಒಂದು ಇತ್ತು. ಅದು ಮೆಹದಿಪಟ್ಟಣಂನ ಅವನದೇ ಮನೆಯ ಊಟದ ಮೇಜು, ಅದೂ ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ಮಾತ್ರ. ಮಾದಾಪುರದ ಆಫೀಸಿನಲ್ಲಿ ಬಾಯಿ ತೆರೆದರೆ ಮ್ಯಾನೇಜರು ಗಡಿಯಾರ ನೋಡುತ್ತಿದ್ದ. ಉಳಿದ ಹೊತ್ತು ಮನೆಯಲ್ಲಿ ತೆರೆದರೆ ಹೆಂಡತಿ ಗುಣವತಿ ಚೀಲ ಕೊಟ್ಟು ಬೇಗಂ ಬಜಾರಿಗೆ ಅಟ್ಟುತ್ತಿದ್ದಳು. ಭಾನುವಾರದ ಕಥೆಯಾಟದಲ್ಲಿ ಮಾತ್ರ ಅವನು ಸಾಕ್ಷಾತ್ ಸೂತ್ರಧಾರ. ರಾಜರು, ಮಾಂತ್ರಿಕರು, ಡ್ರ್ಯಾಗನ್‌ಗಳಿರುವ ಒಂದು ಸೀಮೆಯನ್ನು ಅವನು ಬಾಯಲ್ಲೇ ಕಟ್ಟುತ್ತಿದ್ದ. ಗುಣವತಿ, ಆಫೀಸಿನ ಋಷಭ್ ಮತ್ತು ಹರ್ಷಿತಾ ಒಂದೊಂದು ಪಾತ್ರವಾಗಿ ಅಲ್ಲಿ ಸಾಹಸ ಮಾಡುತ್ತಿದ್ದರು. ಸೋಲು ಗೆಲುವನ್ನು ಇಪ್ಪತ್ತು ಮುಖದ ದಾಳ ಹೇಳುತ್ತಿತ್ತು.

ಎರಡು ವರ್ಷಕ್ಕೆ ಡ್ರ್ಯಾಗನ್ ಹಳಸಿತು. ಹರ್ಷಿತಾ ಆಕಳಿಸತೊಡಗಿದಳು. ಮುಂದಿನ ತಿಂಗಳಿಂದ ಕ್ರಿಕೆಟ್ಟಿಗೆ ಹೋಗುತ್ತೇನೆಂದು ಋಷಭ್ ಹೇಳಿದಾಗ ದೀಪಕನಿಗೆ ಜೀವ ಬಾಯಿಗೆ ಬಂತು. ಆಟ ನಿಂತರೆ ಅವನ ಮಾತಿಗೆ ಇನ್ನು ಗೋಡೆಯೇ ಗತಿ. ವಾರವಿಡೀ ತಲೆ ಕೆರೆದುಕೊಂಡು ಕೊನೆಗೆ ಉಪಾಯ ಕಂಡುಹಿಡಿದ. ಡ್ರ್ಯಾಗನ್ ಕಾಡಿನ ನಡುವೆ ಒಂದು ಆಕಾಶನೌಕೆ ಬೀಳಬೇಕು, ಅದರೊಳಗೆ ಬೆಳಕು ಕಾರುವ ಬಂದೂಕು ಇರಬೇಕು. (ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ಹೋಗಿ ಹೆಗಲು ಉಳುಕಿಸಿಕೊಂಡ.)

ಅವನ ಗ್ರಹಚಾರಕ್ಕೆ ಆ ಭಾನುವಾರ ಮಾವ ಗುರುಸಿದ್ದಪ್ಪನವರು ಊಟಕ್ಕೆ ಬಂದಿದ್ದರು. ಸರಕಾರಿ ಶಸ್ತ್ರ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತೆರಡು ವರ್ಷ ಸವೆಸಿದವರು; ಅವರ ಸಹಿಯಿಲ್ಲದೆ ಒಂದು ಮೊಳೆಯೂ ಗೇಟು ದಾಟಿದ್ದಿಲ್ಲ. ಗುಣವತಿ ಅವರಿಗೂ ಒಬ್ಬ ಮುದುಕ ಮಾಂತ್ರಿಕನ ಪಾತ್ರ ಕೊಟ್ಟು ಕೂರಿಸಿಬಿಟ್ಟಳು.

ನೌಕೆ ಬಿತ್ತು. ಋಷಭ್ ಬಂದೂಕು ಎತ್ತಿಕೊಳ್ಳುತ್ತೇನೆಂದ. ಮಾವ ಕೈ ಅಡ್ಡ ಹಿಡಿದರು.

“ಯಾರೂ ಮುಟ್ಟಬ್ಯಾಡ್ರಿ. ದೀಪಕ ಅವರ, ಈ ಮಾಲಿನ ಕಾಗದ ಎಲ್ಲಿ ಅವ?”

“ಅದು ಬ್ಯಾರೆ ನಕ್ಷತ್ರದಿಂದ ಬಂದೈತ್ರಿ, ಮಾಮಾ.”

“ಬರಲಿ. ಬ್ಯಾಚ್ ನಂಬರ್ ಇರಬೇಕಲ್ಲ?”

ನಂಬರ್ ಇರಲಿಲ್ಲ. ಹಾಗಾದರೆ ಪರೀಕ್ಷೆಯಾಗದೆ ಬಂದೂಕು ಯಾರ ಕೈಗೂ ಹೋಗದು ಎಂದರು ಮಾವ. ದೀಪಕ ಹತಾಶನಾಗಿ ಬೆಂಕಿಯುಗುಳುವ ಡ್ರ್ಯಾಗನ್ನನ್ನೇ ತಂದು ಎದುರಿಗೆ ನಿಲ್ಲಿಸಿದ. ಪರೀಕ್ಷೆ ನಡೆಯುವಾಗ ಹೊರಗಿನವರು ಕೆಂಪು ಗೆರೆಯ ಆಚೆ ನಿಲ್ಲಬೇಕೆಂದು ಮಾವ ಅದಕ್ಕೂ ಅಪ್ಪಣೆ ಮಾಡಿ ದಾಳ ಉರುಳಿಸಿದರು. ಇಪ್ಪತ್ತು ಬಿತ್ತು. ಇಪ್ಪತ್ತು ಬಿದ್ದ ಮೇಲೆ ಆಟಗಾರ ಹೇಳಿದ್ದು ನಡೆದೇ ತೀರಬೇಕು, ಸೂತ್ರಧಾರನೂ ಬಾಯಿ ಮುಚ್ಚಬೇಕು. ಮೂರು ರಾಜ್ಯ ಸುಟ್ಟ ಡ್ರ್ಯಾಗನ್ ಗೆರೆಯ ಆಚೆ ಬಾಲ ಮಡಚಿ ಕೂತಿತು.

ಹರ್ಷಿತಾ ಆಕಳಿಸುವುದನ್ನು ಬಿಟ್ಟು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಪರೀಕ್ಷೆಯ ಜಾಗದ ಸುತ್ತ ಅಡ್ಡ ಇಡುವ ಮರಳಿನ ಮೂಟೆ ಎಷ್ಟಿರಬೇಕೆಂದು ಋಷಭ್ ಕೇಳಿದ. ಗುಣವತಿ ಎಲ್ಲವನ್ನೂ ಬರೆದುಕೊಂಡಳು. ದೀಪಕನ ಕಡೆ ಯಾರೂ ತಿರುಗಲಿಲ್ಲ. ಹೊಟ್ಟೆ ಉರಿದು ಅವನು ನೌಕೆಯನ್ನೇ ಸಿಡಿಸಿಬಿಟ್ಟ. ನೌಕೆ, ಬಂದೂಕು, ಕಾಡು ಎಲ್ಲ ಬೂದಿ, ಕಥೆ ಮುಗಿಯಿತು ಎಂದ.

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖದಲ್ಲಿ ಅಂಥ ಕಳೆಯನ್ನು ಅಳಿಯ ಎಂದೂ ಕಂಡಿರಲಿಲ್ಲ. ಇನ್ನು ತನಿಖೆ ಆಗಲೇಬೇಕು ಎಂದರು. ಸಮಿತಿ ಅಲ್ಲೇ ರಚನೆಯಾಯಿತು. ನೌಕೆ ಮಾಡಿದವರು ಯಾರೆಂಬ ಪ್ರಶ್ನೆ ಬಂದಾಗ ಎಲ್ಲರೂ ಒಟ್ಟಿಗೆ ದೀಪಕನನ್ನು ನೋಡಿದರು. ಸಾಕ್ಷಿ ಕೇಳುವಾಗ ಆರೋಪಿ ಎದುರಿಗಿರಬಾರದೆಂಬ ನಿಯಮದಂತೆ ಅವನನ್ನು ಅಡುಗೆಮನೆಗೆ ಕಳಿಸಲಾಯಿತು. ಎರಡು ವರ್ಷದಲ್ಲಿ ಅವನ ಕಥೆಗೆ ಒಮ್ಮೆಯೂ ಬಾರದ ನಗು ಊಟದ ಮೇಜಿನ ಕಡೆಯಿಂದ ಕೇಳಿಬಂತು.

ಆರು ಗಂಟೆಗೆ ಗುಣವತಿ ಬಂದಳು. “ಮುಂದಿನ ವಾರನೂ ಆಟ ಐತ್ರಿ. ಋಷಭ್ ಕ್ರಿಕೆಟ್ ಬಿಟ್ಟಾನ.”

ದೀಪಕನಿಗೆ ಹೋದ ಜೀವ ಮರಳಿತು. ಮುಂದಿನ ವಾರಕ್ಕೆ ಇನ್ನೂ ದೊಡ್ಡ ನೌಕೆ ತರುತ್ತೇನೆಂದ.

“ನೀವು ಬರೂದು ಬ್ಯಾಡಂತ. ತನಿಖಿ ಮುಗಿಯೂತನಕ ನಿಮ್ಮನ್ನ ಸಸ್ಪೆಂಡ್ ಮಾಡ್ಯಾರ.”

ಎಷ್ಟು ವಾರ ಹಿಡಿದೀತೆಂದು ಅವನು ಸಣ್ಣ ದನಿಯಲ್ಲಿ ಕೇಳಿದ. ಗುಣವತಿಯ ಮುಖ ತವರಿನ ಹೆಮ್ಮೆಯಿಂದ ಅರಳಿತು.

“ವಾರ ಅಂತೀರಿ? ಅಪ್ಪಾಜಿ ಮಾಡಿದ ಕಡೀ ತನಿಖಿ ಹನ್ನೊಂದು ವರ್ಷ ನಡದಿತ್ತು.”